ಜೀಪಿಗೆ ಮೊದಲು ಏನು ಹಾಕಿಸ್ಬೇಕು? ಎಂಬತ್ತು ವರ್ಷದ ಲೆಕ್ಕ

ಹೋದ ಸಲ ಅವರೆ ಸಾಲಿನ ಬಗ್ಗೆ ಬರೆದಿದ್ದೆ, ಈ ಸಲ ಜೀಪಿನ ವಿಷಯ. ಬರಹ ಉದ್ದ ಇದೆ. ಸಂಜೆ ಡೇರಿಗೆ ಹಾಲು ಹಾಕಿ ಬಂದಮೇಲೆ ನಿಧಾನಕ್ಕೆ ಓದಿ.

ನಮ್ಮ ಕೆಂಗೇರಿ, ರಾಮೋಹಳ್ಳಿ, ತಾವರೆಕೆರೆ ಕಡೆ ಈಗ ಫೋರ್ ಬೈ ಫೋರ್ ಗಾಡಿ ತಗೊಳ್ಳೋರು ಜಾಸ್ತಿ ಆಗಿದ್ದಾರೆ. ಬರೀ ಶೋಕಿ ಅಂತ ಹೇಳಕ್ಕಾಗಲ್ಲ, ಕಾರಣಾನೂ ಇದೆ. ಗ್ರಾಮ ನಕ್ಷೆಯಲ್ಲಿರೋ ಬಂಡಿದಾರಿ ಬಡಾವಣೆ ಕೆಲಸದಲ್ಲಿ ಎಷ್ಟೋ ಕಡೆ ತುಂಡಾಗಿದೆ. ಉಳಿದಿರೋ ಒಂದೆರಡು ಎಕರೆಗೆ ಹೋಗ್ಬೇಕಂದ್ರೆ ಅಗೆದು ಬಿಟ್ಟ ಕಾಲುವೆ ದಾಟ್ಬೇಕು, ಕೆರೆ ಏರಿ ಹತ್ಬೇಕು, ಆ ಕಡೆ ಗೋಡುಮಣ್ಣಿಗೆ ಇಳೀಬೇಕು. ಮಳೆ ಬಿತ್ತು ಅಂದ್ರೆ ಸ್ಕೂಟರೂ ಹೋಗಲ್ಲ, ಆಟೋನೂ ಹೋಗಲ್ಲ. ಅದಕ್ಕೆ ಹಳೇ ಮಹೀಂದ್ರಾನೋ, ಜಿಪ್ಸಿನೋ, ಒಂದು ಕೈ ಓಡಿದ ಥಾರೋ ತರ್ತಾರೆ. ತಂದ ವಾರದಲ್ಲೇ ಪ್ರಶ್ನೆ ಶುರು: "ಅಣ್ಣಾ, ಕೈಯಲ್ಲಿ ಒಂಚೂರು ದುಡ್ಡೈತೆ, ಮೊದ್ಲು ಏನ್ ಹಾಕಿಸ್ಲಿ?"

ಕೇಳೋ ಹೊತ್ತಿಗೆ ಅವರ ಪಟ್ಟಿ ರೆಡಿ ಇರುತ್ತೆ. ದೊಡ್ಡ ಟೈರು, ಎತ್ತರ ಮಾಡಿಸೋದು, ಮುಂದೆ ಕಬ್ಬಿಣದ ಬಂಪರು, ಅದರ ಮೇಲೆ ವಿಂಚು, ಮೇಲೆ ಸಾಲು ಲೈಟು. ಬ್ರೇಕು ಅನ್ನೋ ಪದ ಆ ಪಟ್ಟಿಯಲ್ಲಿ ನಾನಂತೂ ಇನ್ನೂ ಕೇಳಿಲ್ಲ.

ಇದಕ್ಕೆ ನನ್ನ ಉತ್ತರ ಕೊಡೋದಕ್ಕಿಂತ ಜೀಪಿನ ಚರಿತ್ರೆ ಹೇಳಿದ್ರೆ ವಾಸಿ. ಯಾಕಂದ್ರೆ ಜೀಪು ಹುಟ್ಟಿದಾಗಿಂದ ಅದನ್ನ ಸುಧಾರಿಸ್ತಾನೇ ಬಂದಿದ್ದಾರೆ. ಯಾವುದನ್ನ ಯಾವಾಗ, ಯಾಕೆ ಬದಲಾಯಿಸಿದ್ರು ಅಂತ ನೋಡಿದ್ರೆ ನಾವು ಯಾವುದನ್ನ ಮೊದಲು ಮಾಡಿಸ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ಮೊದಲು ನಮಗೆ ಜೀಪಿಗಿಂತ ಚೆನ್ನಾಗಿ ಗೊತ್ತಿರೋ ಗಾಡಿಯಿಂದ ಶುರು ಮಾಡ್ತೀನಿ.

ಎತ್ತಿನ ಗಾಡಿ ಕಲಿಸಿದ್ದು

ರೋಡಿಲ್ಲದ ಜಾಗದಲ್ಲಿ ಓಡೋ ಗಾಡಿ ಅಂದ್ರೆ ನಮ್ಮಲ್ಲಿ ಮೊದಲಿಂದ ಎತ್ತಿನ ಗಾಡಿನೇ. ಮರದ ಚಕ್ರ, ಸುತ್ತ ಕಬ್ಬಿಣದ ಪಟ್ಟಿ, ಅಚ್ಚಿಗೆ ಕೀಲೆಣ್ಣೆ. ಉರುಳೋದು ಕಷ್ಟ, ಆದರೆ ಆ ಕಷ್ಟವೇ ಒಂಥರಾ ಬ್ರೇಕು ಇದ್ದಂಗೆ. ಇಳಿಜಾರಲ್ಲಿ ಗಾಡಿ ತಾನಾಗೇ ನುಗ್ತಿರಲಿಲ್ಲ.

ಸ್ವಾತಂತ್ರ್ಯಕ್ಕೆ ಮುಂಚೆಯೇ ಗಾಳಿ ಟೈರಿನ ಗಾಡಿ ಬಂತು. ಡನ್ಲಪ್ ಕಂಪನಿ ಟೈರಿಂದಾಗಿ ಅದಕ್ಕೆ ಡನ್ಲಪ್ ಗಾಡಿ ಅಂತಲೇ ಹೆಸರಾಯ್ತು. ಟೈರು, ಒಳಗೆ ಬೇರಿಂಗು. ಅದೇ ಜೋಡಿ ಎತ್ತು ಮೊದಲಿಗಿಂತ ಎಷ್ಟೋ ಜಾಸ್ತಿ ಹೊರೆ ಎಳೆದ್ವು, ರೋಡೂ ಕೊರೀಲಿಲ್ಲ. ದೊಡ್ಡ ಸುಧಾರಣೆ, ಅನುಮಾನ ಇಲ್ಲ. ಆದರೆ ಚಕ್ರ ಬದಲಾಯ್ತು, ಎಷ್ಟೋ ಗಾಡಿಗಳಲ್ಲಿ ಬ್ರೇಕು ಬರಲಿಲ್ಲ. ಸಲೀಸಾಗಿ ಉರುಳೋ ಗಾಡಿ, ಮೇಲೆ ಜಾಸ್ತಿ ಹೊರೆ. ಇಳಿಜಾರಲ್ಲಿ ಅಷ್ಟೂ ಭಾರ ನೊಗದ ಮೂಲಕ ಎತ್ತಿನ ಕತ್ತಿಗೇ ಬಂತು. ಹಿಂದೆ ಮರದ ಚಕ್ರ ತಡೀತಿದ್ದ ಕೆಲಸಾನ ಮೂಕ ಪ್ರಾಣಿ ಕಾಲು ಊರಿ ತಡೀಬೇಕಾಯ್ತು.

ಈ ವಿಷಯಕ್ಕೆ ಜೀವನದ ದೊಡ್ಡ ಪಾಲು ಕೊಟ್ಟವರು ನಮ್ಮ ಬೆಂಗಳೂರಲ್ಲೇ ಇದ್ರು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕರು ಎನ್. ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಲಿಸೋ ದೊಡ್ಡ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿ ಬಗ್ಗೆ ಮಾತಾಡ್ತಾರಲ್ಲಾ ಅಂತ ಜನ ಆಶ್ಚರ್ಯ ಪಟ್ಟಿದ್ದುಂಟು. ಗಾಡಿ ಹಗುರ ಆಗಬೇಕು, ಚಕ್ರ ಸಲೀಸಾಗಬೇಕು, ನೊಗ ಕತ್ತು ಕೊರೀಬಾರದು, ಬ್ರೇಕು ಇರಬೇಕು ಅನ್ನೋದು ಅವರ ಪ್ರಯತ್ನ. ಒಂದು ಭಾಗ ಸುಧಾರಿಸಿ ಉಳಿದದ್ದನ್ನ ಹಂಗೇ ಬಿಟ್ಟರೆ, ಸುಧಾರಣೆಯ ಭಾರ ಎಲ್ಲಿ ಬಲ ಕಮ್ಮಿ ಇದೆಯೋ ಅಲ್ಲಿಗೆ ಹೋಗಿ ಬೀಳುತ್ತೆ. ಗಾಡಿಯಲ್ಲಿ ಅದು ಎತ್ತಿನ ಕತ್ತು. ಜೀಪಲ್ಲಿ ಯಾವುದು ಅಂತ ಮುಂದೆ ನೋಡೋಣ.

1940: ತೂಕದ ಜಗಳ

ಎರಡನೇ ಮಹಾಯುದ್ಧ ಯೂರೋಪಲ್ಲಿ ಶುರುವಾಗಿ ವರ್ಷ ಆಗ್ತಾ ಬಂದಿತ್ತು. 1940ರ ಜುಲೈನಲ್ಲಿ ಅಮೆರಿಕ ಸೇನೆ 135 ಕಂಪನಿಗಳಿಗೆ ಪತ್ರ ಬರೆದು ಕೇಳ್ತು: ನಾಲ್ಕೂ ಚಕ್ರ ಎಳೆಯೋ ಚಿಕ್ಕ ಗಾಡಿ ಬೇಕು, 49 ದಿನದಲ್ಲಿ ಮೊದಲ ಮಾದರಿ ತಂದು ನಿಲ್ಲಿಸ್ಬೇಕು. ಅಷ್ಟು ಬೇಗ ಮಾಡಿ ತಂದಿದ್ದು ಬಾಂಟಮ್ ಅನ್ನೋ ಸಣ್ಣ ಕಂಪನಿ. ಕಾರ್ಲ್ ಪ್ರಾಬ್‌ಸ್ಟ್ ಅನ್ನೋ ಎಂಜಿನಿಯರ್ ನಕ್ಷೆ ಬರೆದ್ರು, ಸೆಪ್ಟೆಂಬರ್ 23ಕ್ಕೆ ಗಾಡಿ ಸೇನೆಯ ಅಂಗಳದಲ್ಲಿತ್ತು.

ಸೇನೆ ಮೊದಲು ಹಾಕಿದ್ದ ತೂಕದ ಮಿತಿ 1,300 ಪೌಂಡ್, ಅಂದ್ರೆ 590 ಕೆ.ಜಿ. ಅಷ್ಟು ಹಗುರಕ್ಕೆ ಗಟ್ಟಿ ಗಾಡಿ ಯಾರ ಕೈಲೂ ಆಗಲಿಲ್ಲ. ಕೊನೆಗೆ 2,160 ಪೌಂಡ್, ಅಂದ್ರೆ 980 ಕೆ.ಜಿ.ಗೆ ಮಿತಿ ಏರಿಸಿದ್ರು. ಆಗ ವಿಲ್ಲಿಸ್ ಕಂಪನಿಗೆ ಇಕ್ಕಟ್ಟು ಬಂತು. ಅವರ ಎಂಜಿನ್ 60 ಕುದುರೆ ಶಕ್ತಿದು, ಮೂವರಲ್ಲಿ ಬಲವಾಗಿದ್ದದ್ದು ಅದೇ. ಆದರೆ ಗಾಡಿ ತೂಕ ಮಿತಿ ಮೀರಿತ್ತು. ಅವರ ಮುಖ್ಯ ಎಂಜಿನಿಯರ್ ಡೆಲ್ಮಾರ್ ರೂಸ್ ಎಂಜಿನ್ ಬಿಡಕ್ಕೆ ಒಪ್ಪಲಿಲ್ಲ. ಇಡೀ ಗಾಡಿ ಬಿಚ್ಚಿಸಿ ಒಂದೊಂದು ಸಾಮಾನೂ ತೂಗಿಸಿದ್ರಂತೆ. ಬೋಲ್ಟ್ ಉದ್ದ ಇದ್ದಲ್ಲಿ ಕತ್ತರಿಸಿದ್ರು, ತಗಡು ತೆಳು ಮಾಡಿದ್ರು, ಬಣ್ಣ ಕೂಡ ಒಂದೇ ಕೋಟು ಸಾಕು ಅಂದ್ರಂತೆ. ಹಂಗೆ ಉಳಿಸಿದ ತೂಕದಲ್ಲಿ ಎಂಜಿನ್ ಉಳಿಸ್ಕೊಂಡ್ರು. 1941ರಲ್ಲಿ ಸೇನೆ ಆರಿಸಿದ್ದು ವಿಲ್ಲಿಸ್ ಗಾಡಿನೇ. ಯುದ್ಧ ಮುಗಿಯೋ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಮೇಲೆ ಜೀಪು ಮಾಡಿದ್ವು.

ಈಗ ನಮ್ಮ ಹುಡುಗರ ಪಟ್ಟಿ ನೆನೆಸ್ಕೊಳ್ಳಿ. ಬಣ್ಣದ ಕೋಟಿಗೂ ಲೆಕ್ಕ ಹಾಕಿದ ಗಾಡಿಗೆ ನಾವು ಕಬ್ಬಿಣದ ಬಂಪರು, ವಿಂಚು, ಮೇಲೆ ಕ್ಯಾರಿಯರು ಹಾಕಿಸ್ತೀವಿ. ಬಂಪರು ವಿಂಚು ಎರಡೂ ಸೇರಿ 80 ಕೆ.ಜಿ. ಆಗುತ್ತೆ ಅಂತಿಟ್ಕೊಳ್ಳಿ. ಡೇರಿಯ 40 ಲೀಟರ್ ಕ್ಯಾನಲ್ಲಿ ಹಾಲೇ 41 ಕೆ.ಜಿ. ಬರುತ್ತೆ. ಅಂದ್ರೆ ಎರಡು ಕ್ಯಾನ್ ಹಾಲಿನ ತೂಕಾನ ಹಗಲೂ ರಾತ್ರಿ, ಕೆಲಸ ಇರಲಿ ಬಿಡಲಿ, ಮುಂದಿನ ಕಮಾನು ಪಟ್ಟಿ ಮೇಲೆ ಹೇರ್ಕೊಂಡು ಓಡಾಡಿದಂಗೆ. ಸೇನೆ ಈ ಜೀಪನ್ನ "ಕಾಲು ಟನ್" ವರ್ಗಕ್ಕೆ ಸೇರಿಸಿತ್ತು. ಅಮೆರಿಕದ ಲೆಕ್ಕದ ಕಾಲು ಟನ್ ಅಂದ್ರೆ 227 ಕೆ.ಜಿ. ಮೂರು ಆಳು ಕೂತ್ರೆ ಮುಗೀತು. ಈಗಿನ ಗಾಡಿ ಇದಕ್ಕಿಂತ ಜಾಸ್ತಿ ಹೊರುತ್ತೆ ನಿಜ, ಆದರೆ ಅದಕ್ಕೂ ಒಂದು ಮಿತಿ ಅಂತ ಇದ್ದೇ ಇದೆ.

1945: ಸೈನ್ಯದಿಂದ ಹೊಲಕ್ಕೆ

ರೈತರಾದ ನಮಗೆ ಇದು ಮುಖ್ಯವಾದ ಭಾಗ. ಯುದ್ಧ ಮುಗೀತಿದ್ದಂಗೆ ವಿಲ್ಲಿಸ್ ಕಂಪನಿಗೆ ಕೊಳ್ಳೋರು ಬೇಕಿತ್ತು. ಅವರ ಕಣ್ಣಿಗೆ ಬಿದ್ದಿದ್ದು ರೈತ. 1945ರಲ್ಲಿ ಸಿಜೆ-2ಎ ಅಂತ ಜನಸಾಮಾನ್ಯರ ಜೀಪು ಮಾರುಕಟ್ಟೆಗೆ ಬಂತು. ಯುದ್ಧದ ಜೀಪನ್ನ ಹೊಲದ ಜೀಪು ಮಾಡಕ್ಕೆ ಅವರು ಏನೇನು ಬದಲಾಯಿಸಿದ್ರು ನೋಡಿ.

ಹಿಂದೆ ಬಾಗಿಲು ಇಟ್ಟರು, ಸಾಮಾನು ಹೇರಕ್ಕೆ. ಅದಕ್ಕೆ ಅಡ್ಡ ಬರುತ್ತೆ ಅಂತ ಸ್ಟೆಪ್ನಿನ ಪಕ್ಕಕ್ಕೆ ಹಾಕಿದ್ರು. ಹೆಡ್‌ಲೈಟು ದೊಡ್ಡದು ಮಾಡಿದ್ರು. ಗೇರ್ ಬಾಕ್ಸು ಇನ್ನೂ ಗಟ್ಟಿ ಇರೋದು ಕೂರಿಸಿದ್ರು. ನಿಂತಲ್ಲೇ ಮಿಷನ್ ತಿರುಗಿಸೋ ಕೆಲಸಕ್ಕೆ ಎಂಜಿನ್ ಕಾಯಬಾರದು ಅಂತ ರೇಡಿಯೇಟರ್ ಗಾಳಿ ವ್ಯವಸ್ಥೆ ಸುಧಾರಿಸಿದ್ರು. ನಮ್ಮ ಟ್ರಾಕ್ಟರಿಗಿದ್ದಂಗೆ ಪಿಟಿಒ ಬೇಕಾದವರಿಗೆ ಕೊಟ್ಟರು. ಇಷ್ಟರ ಜೊತೆ ಹೊರಗೆ ಕಾಣದ ಒಂದು ಬದಲಾವಣೆ ಮಾಡಿದ್ರು: ಹೌಸಿಂಗ್ ಒಳಗಿನ ಕ್ರೌನ್ ಮತ್ತು ಪಿನಿಯನ್ ಹಲ್ಲಿನ ಲೆಕ್ಕ. ಯುದ್ಧದ ಜೀಪಲ್ಲಿ ಅದು 4.88 ಇತ್ತು, ರೈತನ ಜೀಪಲ್ಲಿ 5.38 ಆಯ್ತು.

ಈ ಲೆಕ್ಕ ಅರ್ಥ ಮಾಡ್ಕೊಂಡ್ರೆ ಅರ್ಧ ಜೀಪು ಅರ್ಥ ಆದಂಗೆ. 5.38 ಅಂದ್ರೆ ಶಾಫ್ಟು 5.38 ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ಸಂಖ್ಯೆ ಜಾಸ್ತಿ ಆದಷ್ಟೂ ಓಟ ಕಮ್ಮಿ, ಎಳೆಯೋ ತಾಕತ್ತು ಜಾಸ್ತಿ. ರೈತನಿಗೆ ಬೇಕಾಗಿದ್ದು ನಿಧಾನಕ್ಕೆ ಹೋಗಿ ಭಾರ ಎಳೆಯೋದು, ಅದನ್ನೇ ಕೊಟ್ಟರು. ಆಗಿನ ಟೈರು ಸುಮಾರು 28 ಇಂಚು ಎತ್ತರ. ಅದೇ ಗಾಡಿಗೆ ನಾವೀಗ 31 ಇಂಚಿನ ಟೈರು ಹಾಕಿಸಿದ್ರೆ ಏನಾಗುತ್ತೆ? 5.38ನ್ನ 28ರಿಂದ ಗುಣಿಸಿ 31ರಿಂದ ಭಾಗಿಸಿ. 4.86 ಬರುತ್ತೆ. ಅಂದ್ರೆ 1945ರಲ್ಲಿ ರೈತನಿಗೋಸ್ಕರ ಮಾಡಿದ ಸುಧಾರಣೆ ಪೂರ್ತಿ ಅಳಿಸಿಹಾಕಿ ಮತ್ತೆ ಯುದ್ಧದ ಜೀಪಿಗೆ ಹೋದಂಗೆ. ಅದೂ ದುಡ್ಡು ಕೊಟ್ಟು!

ಮೀಟರೂ ಸುಳ್ಳು ಹೇಳುತ್ತೆ. ಅದು 50 ತೋರಿಸುವಾಗ ಗಾಡಿ 55ರಲ್ಲಿ ಇರುತ್ತೆ. ಬ್ರೇಕಿಗೂ ಅದೇ ಲೆಕ್ಕ. ಚಕ್ರ ದೊಡ್ಡದಾದಷ್ಟೂ ಅದೇ ಡ್ರಮ್ಮಿನ ಹಿಡಿತ ನೆಲಕ್ಕೆ ಕಮ್ಮಿ ತಲುಪುತ್ತೆ.

ಇನ್ನೊಂದು ಮಾತು. ಕಂಪನಿ ಎಷ್ಟು ಪ್ರಚಾರ ಮಾಡಿದ್ರೂ ಉಳುಮೆಯಲ್ಲಿ ಟ್ರಾಕ್ಟರಿನ ಜಾಗಾನ ಜೀಪು ಹಿಡೀಲಿಲ್ಲ. ಜನರನ್ನ, ಸಾಮಾನನ್ನ ರೋಡಿಲ್ಲದ ಕಡೆ ಮುಟ್ಟಿಸೋದ್ರಲ್ಲಿ ಅದು ಗೆದ್ದಿತು. ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಲ್ಲಿ ಹಳೇ ಮಿಲಿಟರಿ ಜೀಪು ಇಟ್ಕೊಂಡಿದ್ರು. ಅದನ್ನ ನೋಡಿನೇ 1948ರಲ್ಲಿ ಲ್ಯಾಂಡ್ ರೋವರ್ ಮಾಡಿದ್ದು. ಅದೂ ರೈತರಿಗೆ ಅಂತಲೇ ಶುರುವಾದ ಗಾಡಿ.

ನಮ್ಮ ದೇಶಕ್ಕೆ ಬಂದ ಬಗೆ

ನಮ್ಮಲ್ಲಿ 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಅಂತ ಒಂದು ಉಕ್ಕಿನ ವ್ಯಾಪಾರದ ಕಂಪನಿ ಶುರುವಾಯ್ತು. ದೇಶ ಎರಡಾದಾಗ ಪಾಲುದಾರರಾಗಿದ್ದ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು. ಇಲ್ಲಿ ಕಂಪನಿ ಹೆಸರು 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯ್ತು. ವಿಲ್ಲಿಸ್ ಜೀಪಿನ ಬಿಡಿ ಭಾಗ ತರಿಸಿ ಮುಂಬೈನ ಮಜಗಾಂವ್‌ನಲ್ಲಿ ಜೋಡಿಸಕ್ಕೆ ಶುರು ಮಾಡಿದ್ರು. ಆಮೇಲೆ ಬಾನೆಟ್ಟು ಎತ್ತರ ಇರೋ ಸಿಜೆ-3ಬಿ ಬಂತು. ಆ ಎತ್ತರ ಚೆಂದಕ್ಕೆ ಅಂತ ಮಾಡಿದ್ದಲ್ಲ. 1953ರಲ್ಲಿ ಅಮೆರಿಕದಲ್ಲಿ ಹೊಸ ಎಂಜಿನ್ ಹಾಕಿದಾಗ ಅದು ಹಳೇ ಬಾನೆಟ್ ಒಳಗೆ ಹಿಡೀಲಿಲ್ಲ, ಅದಕ್ಕೆ ಎತ್ತರಿಸಿದ್ರು. ಅಮೆರಿಕದಲ್ಲಿ ಆ ರೂಪ ನಿಂತುಹೋದ ಮೇಲೂ ನಮ್ಮಲ್ಲಿ ಎಷ್ಟೋ ದಶಕ ನಡೀತು.

ಜೀಪು ಇಲ್ಲಿ ಇಷ್ಟು ವರ್ಷ ಬಾಳಿದ್ದಕ್ಕೆ ಕಂಪನಿ ಒಂದೇ ಕಾರಣ ಅಲ್ಲ. ಜೆ.ಸಿ. ರೋಡಲ್ಲಿ ಸಾಮಾನು ಸಿಗ್ತಿತ್ತು. ಸಿಗದೇ ಇದ್ದ ಬುಷ್ಷು, ಪಿನ್ನು ಕಾಮಾಕ್ಷಿಪಾಳ್ಯ, ರಾಜಾಜಿನಗರದ ಲೇತ್ ಶಾಪಿನವರು ತಿರುವಿ ಕೊಡ್ತಿದ್ರು. ನಾನು ಕಂಡ ಹಳೇ ಮೆಕ್ಯಾನಿಕ್‌ಗಳು ಯಾರೂ ಜೀಪಿಗೆ ಹೊಸದು ಸೇರಿಸು ಅಂತ ಹೇಳ್ತಿರಲಿಲ್ಲ. ಸವೆದಿದ್ದು ಬದಲಾಯಿಸು, ಗ್ರೀಸ್ ಹೊಡೆಸು, ಯು-ಬೋಲ್ಟ್ ಬಿಗಿ ಮಾಡಿಸು ಅಷ್ಟೇ ಅಂತಿದ್ರು.

ಡೀಸೆಲ್ ಬಂದದ್ದು

ಮೊದಲಿನ ಜೀಪು ಪೆಟ್ರೋಲಿಂದು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು, ಬೆಲೆ ಮೇಲಕ್ಕೆ ಹೋಯ್ತು. ಪೆಟ್ರೋಲ್ ಜೀಪು ಸಾಕೋದು ಆನೆ ಸಾಕಿದಂಗೆ ಆಯ್ತು. ಆಗ ಮಹೀಂದ್ರಾದವರು ಮಾಡಿದ ಕೆಲಸ ನಮಗೆ ಹತ್ತಿರದ್ದು. ಇಂಟರ್‌ನ್ಯಾಷನಲ್ ಬಿ-275 ಟ್ರಾಕ್ಟರ್ ನೆನಪಿರಬೇಕಲ್ಲ? ಅದರ ಡೀಸೆಲ್ ಎಂಜಿನ್‌ನಿಂದ ಬಂದ 2,350 ಸಿಸಿ ಎಂಜಿನನ್ನ ಜೀಪಿಗೆ ಕೂರಿಸಿದ್ರು. ಆಮೇಲೆ ಫ್ರಾನ್ಸಿನ ಪೂಜೋ ಕಂಪನಿಯ 2,112 ಸಿಸಿ ಡೀಸೆಲ್ ಎಂಜಿನ್ ಬಂತು. ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಕಾಣೋ ಎಂಎಂ 540 ಅದೇ ಎಂಜಿನ್ನಿಂದು.

ಇದು ಕೆಲಸಕ್ಕೆ ಬೇಕಾಗಿ ಬಂದ ಸುಧಾರಣೆ. ಖರ್ಚು ಇಳೀತು, ಜೀಪು ಉಳೀತು. ಆದರೆ ಇದನ್ನ ನೋಡಿ ಊರೂರಲ್ಲಿ ಹಳೇ ಪೆಟ್ರೋಲ್ ಜೀಪಿಗೆ ಸಿಕ್ಕಿದ ಡೀಸೆಲ್ ಎಂಜಿನ್ ಕೂರಿಸೋದು ಶುರುವಾಯ್ತು. ಡೀಸೆಲ್ ಎಂಜಿನ್ ಭಾರ, ಮುಂದಿನ ಅಚ್ಚಿನ ಮೇಲೆ ತೂಕ ಏರ್ತು. ಸ್ಟೇರಿಂಗ್ ಗಟ್ಟಿ ಆಯ್ತು. ಬ್ರೇಕು ಮಾತ್ರ ಹಳೇ ಡ್ರಮ್ಮೇ. ಇನ್ನೊಂದು ಸೂಕ್ಷ್ಮ ಇದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡಕ್ಕೆ ಗಾಳಿ ಸೆಳೆತ ಬೇಕು. ಪೆಟ್ರೋಲ್ ಎಂಜಿನ್ ಗಾಳಿ ಎಳ್ಕೊಳ್ಳುವಾಗ ಅದು ತಾನಾಗೇ ಸಿಗುತ್ತೆ. ಡೀಸೆಲ್ ಎಂಜಿನ್ನಲ್ಲಿ ಸಿಗಲ್ಲ, ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಇರಬೇಕು. ಆ ಪಂಪ್ ಕೆಟ್ಟರೆ ಪೆಡಲ್ ಕಲ್ಲಿನಂಗೆ ಗಟ್ಟಿ ಆಗುತ್ತೆ. ಹಳೇ ಡೀಸೆಲ್ ಜೀಪು ತಗೊಂಡೋರು ಇದನ್ನ ಮೊದಲ ದಿನವೇ ನೋಡಿಸಿ.

ಇಲ್ಲೂ ಎತ್ತಿನ ಗಾಡಿ ಕಥೆನೇ ನಡೀತು. ಓಡೋ ಕಡೆ ಸುಧಾರಿಸ್ತು, ನಿಲ್ಲೋ ಕಡೆ ಹಂಗೇ ಉಳೀತು.

ಮಲೆನಾಡಿನ ಜೀಪುಗಳು

ಜೀಪು ನಿಜವಾಗಿ ಬೆವರು ಸುರಿಸೋದು ನೋಡ್ಬೇಕಂದ್ರೆ ನಮ್ಮ ಬಯಲುಸೀಮೆ ಬಿಟ್ಟು ಮಲೆನಾಡಿಗೆ ಹೋಗ್ಬೇಕು. ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಗೊಬ್ಬರ, ಆಳು, ಕಾಫಿ ಮೂಟೆ ಎಲ್ಲಾ ಹೊತ್ತಿದ್ದು ಜೀಪುಗಳೇ. ಕೊಡಚಾದ್ರಿಗೆ, ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಜನರನ್ನ ಹತ್ತಿಸೋ ಜೀಪುಗಳನ್ನ ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಬಹುಪಾಲು ಹಳೇ ಮಹೀಂದ್ರಾಗಳು. ಮುಂದೆ ವಿಂಚಿಲ್ಲ, ಮೇಲೆ ಸಾಲು ಲೈಟಿಲ್ಲ. ಮಳೆಗಾಲದಲ್ಲಿ ಕೆಲವರು ಟೈರಿಗೆ ಚೈನು ಸುತ್ಕೊಳ್ತಾರೆ. ಉಳಿದದ್ದು ಲೋ ಗೇರು, ಮಣ್ಣು ಕಚ್ಚೋ ಟೈರು, ಡ್ರೈವರ್ ಕಾಲಿನ ಹದ.

ದಿನಾ ಹೊಟ್ಟೆಪಾಡಿಗೆ ಬೆಟ್ಟ ಹತ್ತೋರು ಯಾವುದಕ್ಕೆ ದುಡ್ಡು ಹಾಕ್ತಾರೆ, ಯಾವುದಕ್ಕೆ ಹಾಕಲ್ಲ ಅನ್ನೋದೇ ದೊಡ್ಡ ಪಾಠ. ಹತ್ತೋದು ನಾಲ್ಕೂ ಚಕ್ರದ ಎಳೆತದಲ್ಲಿ, ಇಳಿಯೋದು ಲೋ ಗೇರಿನ ತಡೆತದಲ್ಲಿ. ಗಾಡಿ ತಗೊಳ್ಳುವಾಗಲೇ ಇದನ್ನೂ ನೋಡಿ: ಹಳೇ ಮಹೀಂದ್ರಾಗಳಲ್ಲಿ ಬರೀ ಹಿಂದಿನ ಚಕ್ರ ಎಳೆಯೋವೂ ಬೇಕಾದಷ್ಟಿವೆ. ನೋಡಕ್ಕೆ ಒಂದೇ ಥರ. ಮುಂದಿನ ಅಚ್ಚಿಗೆ ಶಾಫ್ಟ್ ಇದೆಯಾ ಅಂತ ಬಗ್ಗಿ ನೋಡಿ ಆಮೇಲೆ ದುಡ್ಡು ಎಣಿಸಿ.

ಅಗಲ ಮತ್ತು ಎತ್ತರ

1985ರ ಕೊನೆಗೆ ಮಾರುತಿ ಜಿಪ್ಸಿ ಬಂತು. ಹಗುರ ಗಾಡಿ, ಪೆಟ್ರೋಲು, ಪೊಲೀಸರೂ ಸೇನೆಯವರೂ ಮೆಚ್ಚಿ ತಗೊಂಡ್ರು. ಮೊದಲ ಜಿಪ್ಸಿ ಚಕ್ರದಿಂದ ಚಕ್ರಕ್ಕೆ ಅಗಲ ಕಮ್ಮಿ ಇತ್ತು. 1993ರಲ್ಲಿ ಆ ಅಗಲಾನ 90 ಮಿ.ಮೀ. ಹೆಚ್ಚಿಸಿದ ಮಾದರಿ ಬಂತು. ಅಂದ್ರೆ ಕಂಪನಿಯವರೇ ಅಗಲ ಮಾಡಿದ ಗಾಡೀನ ನಾವು ದುಡ್ಡು ಕೊಟ್ಟು ಎತ್ತರ ಮಾಡಿಸ್ತೀವಿ. ಹುಲ್ಲಿನ ಗಾಡಿ ಏರಿ ಮೇಲೆ ಯಾಕೆ ಮಗುಚುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಹೊರೆ ಮೇಲೆ ಹೋದಷ್ಟೂ ಮಗುಚೋದು ಸುಲಭ. ಕೆರೆ ಏರಿ ಪಕ್ಕದ ಇಳುಕಲಲ್ಲಿ, ಹಿಂದೆ ಅಡ್ಡ ಸೀಟಲ್ಲಿ ಆರು ಜನ ಕೆಲಸದ ಹೆಣ್ಣಾಳು ಕೂತಿರುವಾಗ ಈ ಎರಡು ಇಂಚು ಬಹಳ ದುಬಾರಿ ಆಗುತ್ತೆ.

ಗಾಡಿಗಿಂತ ಮೊದಲು ರೋಡ್ ಬದಲಾಯ್ತು

ಇನ್ನು ನಮ್ಮ ಮೈಸೂರು ರೋಡಿಗೆ ಬರ್ತೀನಿ, ಜೀಪಲ್ಲಿ ಯಾವ ಭಾಗ ಎತ್ತಿನ ಕತ್ತು ಅಂತ ಆಗ ಹೇಳ್ದೆ ಉಳಿಸಿದ್ದು ಇಲ್ಲಿ ಗೊತ್ತಾಗುತ್ತೆ. ಹಳೇ ಜೀಪಿಗೆ ನಾಲ್ಕೂ ಚಕ್ರಕ್ಕೆ ಎಣ್ಣೆ ಬ್ರೇಕು ಮೊದಲಿಂದಲೂ ಇತ್ತು, ಆದರೆ ಚಿಕ್ಕ ಡ್ರಮ್ಮು. ಆ ಕಾಲದ ಓಟಕ್ಕೆ ಅದು ಸಾಕಾಗಿತ್ತು. ಕೆಂಗೇರಿ ಅಂದ್ರೆ ಊರಾಚೆ ಆಗಿತ್ತು, ರೋಡಲ್ಲಿ ಗುಂಡಿ, ಎದುರಿಗೆ ಎತ್ತಿನ ಗಾಡಿ. 50 ದಾಟಿದ್ರೆ ಹೆಚ್ಚು. ಆಮೇಲೆ ರೋಡ್ ಅಗಲ ಆಯ್ತು, ನೈಸ್ ರೋಡ್ ಬಂತು, 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು. ಪಕ್ಕದಲ್ಲಿ 100ರಲ್ಲಿ ಕಾರು ಹೋಗುವಾಗ ನಮ್ಮ ಜೀಪೂ 80ಕ್ಕೆ ಏರುತ್ತೆ. ಓಟ ಎರಡರಷ್ಟಾದ್ರೆ ನಿಲ್ಲಿಸಕ್ಕೆ ಬೇಕಾದ ತಾಕತ್ತು ನಾಲ್ಕರಷ್ಟು. ಇದು ಎಸ್ಸೆಸ್ಸೆಲ್ಸಿ ಪುಸ್ತಕದ ಲೆಕ್ಕನೇ. ಡ್ರಮ್ಮು ಮಾತ್ರ ಅಷ್ಟೇ ಇರುತ್ತೆ.

ಹಾಗಾಗಿ ಜೀಪಿನ ಎತ್ತಿನ ಕತ್ತು ಅಂದ್ರೆ ಬ್ರೇಕು ಮತ್ತು ಸ್ಟೇರಿಂಗು. ನಾವು ಮಾಡಿಸೋ ಎಲ್ಲಾ ಸುಧಾರಣೆಯ ಭಾರ, ತೂಕ ಆಗ್ಲಿ, ದೊಡ್ಡ ಟೈರಾಗ್ಲಿ, ಓಟ ಆಗ್ಲಿ, ಕೊನೆಗೆ ಹೋಗಿ ಬೀಳೋದು ಇವೆರಡರ ಮೇಲೆ.

ಕಂಪನಿಗಳೂ ಕೊನೆಗೆ ಈ ದಾರಿಗೇ ಬಂದ್ವು. 2010ರಲ್ಲಿ ಥಾರ್ ಬಂತು, ಅದರ ಹೊಸ ರೂಪ 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂತು. ಅದರಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕು, ಚಕ್ರ ಜಾಮ್ ಆಗದಂಗೆ ತಡೆಯೋ ಎಬಿಎಸ್, ಏರ್‌ಬ್ಯಾಗು. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಗುದ್ದಾಟದ ಪರೀಕ್ಷೆಯಲ್ಲಿ 4 ಸ್ಟಾರ್ ಸಿಕ್ತು. ಎಂಬತ್ತು ವರ್ಷದ ಸುಧಾರಣೆಯಲ್ಲಿ ನಿಲ್ಲಿಸೋ ಕೆಲಸ, ಜೀವ ಉಳಿಸೋ ಕೆಲಸ ಎಷ್ಟು ತಡವಾಗಿ ಬಂತು ನೋಡಿ. ಹಳೇ ಗಾಡಿ ಇರೋರು ಆ ಹಿಂದೆ ಬಿದ್ದ ಕೆಲಸಾನ ಮೊದಲು ಮುಗಿಸ್ಕೊಬೇಕು.

ಕಾನೂನು ಏನು ಹೇಳುತ್ತೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಮಾರ್ಪಾಡಿನ ಬಗ್ಗೆ ಇದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿತು: ಕಂಪನಿ ಮಾಡಿಕೊಟ್ಟ ಮೂಲ ರಚನೆ ಬದಲಾಯಿಸೋ ಹಾಗಿಲ್ಲ, ಸಣ್ಣಪುಟ್ಟ ಜೋಡಣೆ ಬೇರೆ ಮಾತು. ಅದಕ್ಕೂ ಮುಂಚೆ, 2017ರ ಡಿಸೆಂಬರ್‌ನಲ್ಲೇ, ಮುಂದಿನ ಕಬ್ಬಿಣದ ಗಾರ್ಡ್ ಹಾಕಿಸಿದವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರದ ಸಾರಿಗೆ ಇಲಾಖೆ ರಾಜ್ಯಗಳಿಗೆ ಬರೆದಿತ್ತು. ಗುದ್ದಾದಾಗ ದಾರಿಹೋಕರಿಗೆ ಅಪಾಯ, ಒಳಗಿರೋರಿಗೂ ಅಪಾಯ ಅನ್ನೋದು ಕಾರಣ. ಕೆಎ-02 ಇರಲಿ, ಕೆಎ-41 ಇರಲಿ, 15 ವರ್ಷ ದಾಟಿ ಆರ್.ಸಿ. ನವೀಕರಣಕ್ಕೆ ಹೋದಾಗ ಗಾಡಿ ತೋರಿಸಲೇಬೇಕು. ಆವತ್ತು ಹಾಕಿಸಿದ್ದೆಲ್ಲಾ ಬಿಚ್ಚಿಸೋ ಖರ್ಚು ಬೇರೆ. ಅಪಘಾತ ಆದ್ರೆ ಇನ್ಶೂರೆನ್ಸಿನವರು ತಕರಾರು ತೆಗೆಯೋಕೂ ದಾರಿ ಆಗುತ್ತೆ.

ಹಾಗಾದ್ರೆ ಕ್ರಮ ಏನು?

ಈ ಚರಿತ್ರೆ ನೋಡಿ ನಾನು ಹುಡುಗರಿಗೆ ಹೇಳೋ ಕ್ರಮ ಇದು.

ಮೊದಲನೇದು, ಗಾಡೀನ ಕಂಪನಿಯಿಂದ ಬಂದಾಗ ಹೆಂಗಿತ್ತೋ ಆ ಸ್ಥಿತಿಗೆ ತನ್ನಿ. ಹಳೇ ಗಾಡಿಗೆ ಇದಕ್ಕಿಂತ ದೊಡ್ಡ ಸುಧಾರಣೆ ಇಲ್ಲ. ಬ್ರೇಕ್ ಶೂ, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಹೋಸು, ಎಣ್ಣೆ ಎಲ್ಲಾ ನೋಡಿಸಿ. ಹ್ಯಾಂಡ್‌ಬ್ರೇಕು ಏರಿ ಮೇಲೆ ಹೊರೆ ಸಮೇತ ನಿಲ್ಲಿಸುತ್ತಾ ಅಂತ ಪರೀಕ್ಷೆ ಮಾಡಿ. ಸ್ಟೇರಿಂಗ್ ಬಾಕ್ಸು, ಟೈ ರಾಡು, ಕಿಂಗ್ ಪಿನ್ನು, ವೀಲ್ ಬೇರಿಂಗು. ರೇಡಿಯೇಟರು, ಫ್ಯಾನ್ ಬೆಲ್ಟು. ಎಲ್ಲರಿಗೂ ಸೀಟ್ ಬೆಲ್ಟು. ದುಡ್ಡಿನ ಅರ್ಧ ಇಲ್ಲೇ ಖರ್ಚಾದ್ರೂ ಬೇಜಾರು ಬೇಡ.

ಎರಡನೇದು ಟೈರು. ಕಂಪನಿ ಹೇಳಿದ ಅಳತೆಯಲ್ಲೇ ಮಣ್ಣು ಕಚ್ಚೋ ಒಳ್ಳೇ ಟೈರು ನಾಲ್ಕೂ ಒಂದೇ ಥರ ಹಾಕಿಸಿ. ಅದಕ್ಕೂ ಮುಂಚೆ ಖರ್ಚಿಲ್ಲದ ಒಂದು ಕೆಲಸ ಇದೆ. ಗೋಡುಮಣ್ಣಿಗೆ ಇಳಿಯೋ ಮುಂಚೆ ಗಾಳಿ 18-20ಕ್ಕೆ ಇಳಿಸಿ ನೋಡಿ. ಟೈರು ಅಗಲವಾಗಿ ನೆಲ ಹಿಡಿಯುತ್ತೆ, ಎಷ್ಟೋ ಸಲ ಅಷ್ಟರಲ್ಲೇ ಗಾಡಿ ಎದ್ದು ಬರುತ್ತೆ. ರೋಡಿಗೆ ಬಂದಮೇಲೆ ಮತ್ತೆ ತುಂಬಿಸ್ಬೇಕು, ಅದಕ್ಕೊಂದು ಚಿಕ್ಕ ಪಂಪು ಇಟ್ಕೊಳ್ಳಿ. ಟಾರ್ ರೋಡಲ್ಲಿ ಫೋರ್ ವೀಲ್ ಹಾಕ್ಕೊಂಡು ಓಡಿಸ್ಬೇಡಿ. ಹಳೇ ಗಾಡಿಗಳಲ್ಲಿ ಮುಂದಿನ ಹಿಂದಿನ ಅಚ್ಚು ಬಿಗಿದುಕೊಂಡು ಜಾಯಿಂಟು ಹೋಗುತ್ತೆ.

ಮೂರನೇದು, ಹೂತಾಗ ಎತ್ತೋ ವ್ಯವಸ್ಥೆ. ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಕೊಕ್ಕೆ ಮುಂದೊಂದು ಹಿಂದೊಂದು, ಒಳ್ಳೇ ಬೆಲ್ಟು, ಎರಡು ಶ್ಯಾಕಲ್ಲು, ಒಂದು ಗುದ್ದಲಿ, ಒಂದು ಜಾಕು, ಜಾಕಿನ ಕೆಳಗಿಡೋಕೆ ಹಲಗೆ. ಬೆಲ್ಟನ್ನ ಬಂಪರಿಗೆ ಕಟ್ಟಿ ಎಳೀಬೇಡಿ, ಕಿತ್ಕೊಂಡು ಬಂದ್ರೆ ಜೀವ ಹೋಗುತ್ತೆ. ವಿಂಚು ಬೇಕಾ ಅಂದ್ರೆ, ಒಬ್ಬರೇ ಕಾಡಲ್ಲಿ ಓಡಾಡೋರಿಗೆ ಬೇಕು. ನಮ್ಮಲ್ಲಿ ಟ್ರಾಕ್ಟರ್ ಇಲ್ಲದ ಹಳ್ಳಿ ಯಾವುದಿದೆ? ಒಂದು ಫೋನ್ ಮಾಡಿದ್ರೆ ಅರ್ಧ ಗಂಟೆಗೆ ಬರ್ತಾರೆ. ಅದಕ್ಕೆ ಊರವರ ಜೊತೆ ಚೆನ್ನಾಗಿರಬೇಕು ಅಷ್ಟೇ.

ನಾಲ್ಕನೇದು, ನಿಮ್ಮ ಕೆಲಸಕ್ಕೆ ಬೇಕಾದ್ದು. ರಾಮನಗರದ ಮಾರುಕಟ್ಟೆಗೆ ಗೂಡು ಒಯ್ಯೋರಿಗೆ ಗಾಳಿ ಆಡೋ ಹುಡ್ಡು, ಮೇವು ತರೋರಿಗೆ ಗಟ್ಟಿ ತಳ, ಹಾಲು ಒಯ್ಯೋರಿಗೆ ಕ್ಯಾನ್ ಉರುಳದ ಕಟ್ಟು. 1945ರಲ್ಲಿ ವಿಲ್ಲಿಸ್‌ನವರು ಹಿಂದಿನ ಬಾಗಿಲು ಮಾಡಿದಂಗೆ ಇವೂ ಕೆಲಸದಿಂದಲೇ ಹುಟ್ಟಿದ ಸುಧಾರಣೆಗಳು.

ಮಿಕ್ಕಿದ್ದು ಕೊನೆಗೆ. ಎತ್ತರ ಮಾಡಿಸೋದು, ದೊಡ್ಡ ಟೈರು, ಬಂಪರು, ಸಾಲು ಲೈಟು. ಒಂದು ಮಳೆಗಾಲ, ಒಂದು ಬೇಸಿಗೆ ಇದ್ದಂಗೇ ಓಡಿಸಿ ನೋಡಿ. ಎಲ್ಲಿ ಸಿಕ್ಕಾಕೊಂಡ್ರಿ, ಯಾಕೆ ಸಿಕ್ಕಾಕೊಂಡ್ರಿ ಅಂತ ಬರೆದಿಡಿ. ವರ್ಷ ಆದಮೇಲೆ ಪಟ್ಟಿಯಲ್ಲಿ ಅರ್ಧ ತಾನಾಗೇ ಹೊಡೆದು ಹೋಗಿರುತ್ತೆ. ಆಮೇಲೂ ಬೇಕು ಅನ್ಸಿದ್ರೆ ಕಾನೂನು ನೋಡ್ಕೊಂಡು ಮಾಡಿಸಿ, ಯಾರೂ ಬೇಡ ಅನ್ನಲ್ಲ.

ಹೋದ ತಿಂಗಳು ಪಕ್ಕದ ಹಳ್ಳಿಯ ಹುಡುಗ ಒಬ್ಬ ಇದೇ ಪ್ರಶ್ನೆ ತಂದಿದ್ದ. ಮನೆಯಲ್ಲಿ ಎರಡು ಹಸು ಮಾರಿದ ದುಡ್ಡು ಅವನ ಕೈಯಲ್ಲಿತ್ತು. ಅದೇ ಜೀಪಲ್ಲಿ ದಿನಾ ಅವನ ತಾಯಿನೂ ನಾಲ್ಕು ಜನ ಆಳೂ ಹೊಲಕ್ಕೆ ಹೋಗ್ತಾರೆ. ಡ್ರಮ್ ಬಿಚ್ಚಿಸಿದಾಗ ಹಿಂದಿನ ಎರಡು ಶೂ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು, ಒಂದು ಸಿಲಿಂಡರ್ ಸೋರ್ತಿತ್ತು. ಲೈಟಿಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಅಷ್ಟೂ ಆಯ್ತು, ಸ್ವಲ್ಪ ಉಳೀತೂ ಕೂಡ.

ನಿಮ್ಮ ಗಾಡಿ ಯಾವುದು, ಯಾವ ವರ್ಷದ್ದು, ದಿನಾ ಏನು ಹೊರುತ್ತೆ ಅಂತ ಕೆಳಗೆ ಬರೀರಿ. ಬ್ರೇಕ್ ಕೊನೇ ಸಲ ಯಾವಾಗ ಬಿಚ್ಚಿಸಿದ್ರಿ ಅಂತಲೂ ಬರೀರಿ. ನೆನಪಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಮೊದಲು ಆ ಕೆಲಸ ನೋಡಿ. ಮುಂದಿನ ಸಲ ರಾಗಿ ಒಕ್ಕಣೆ ವಿಷಯ ಬರೀತೀನಿ.